ಹಗ್ಗದ ಈಚೆಯ ಹಿಮ

ಕಳೆದ ತಿಂಗಳು ನಮ್ಮ ಕೂಟದ ಸಭೆ ಮುಗಿದ ಮೇಲೆ, ಕಾಫಿಯ ಹೊತ್ತಿನಲ್ಲಿ, ಜಪಾನಿನ ಪ್ರವಾಸದ ಚಿತ್ರಗಳನ್ನು ಮಿತ್ರರಿಗೆ ತೋರಿಸುತ್ತಿದ್ದೆವು. ಸೊಂಟದವರೆಗೆ ಹಿಮದಲ್ಲಿ ಹೂತು ನಗುತ್ತಿರುವ ಮಗ, ಹುಬ್ಬಿಗೆಲ್ಲ ಬಿಳಿ ಹಿಟ್ಟು ಮೆತ್ತಿಕೊಂಡ ಮಗಳು. ಒಂದು ಚಿತ್ರದಲ್ಲಿ ಎರಡು ಮರಗಳ ನಡುವೆ ಕಟ್ಟಿದ್ದ ಹಗ್ಗವೊಂದು ಕಾಣುತ್ತಿತ್ತು; ಅದರಾಚೆ ಒಂದು ಹೆಜ್ಜೆಯ ಗುರುತೂ ಇಲ್ಲದ ಇಳಿಜಾರು. ‘ಅಷ್ಟು ದೂರ ಹೋಗಿ, ಅಷ್ಟೊಂದು ದುಡ್ಡು ಸುರಿದು, ಒಂದು ಹಗ್ಗಕ್ಕೆ ಹೆದರಿ ಈಚೆಗೇ ಉಳಿದುಬಿಟ್ಟಿರಾ?’ ಎಂದು ಹಿರಿಯ ಮಿತ್ರರೊಬ್ಬರು ತಮಾಷೆ ಮಾಡಿದರು. ನಾವೂ ನಕ್ಕೆವು. ನಿಜವನ್ನು ಮಾತ್ರ ಅಂದು ಹೇಳಲಿಲ್ಲ. ನಾವು ಈಚೆಗೆ ಉಳಿದಿರಲಿಲ್ಲ. ಆ ಚಿತ್ರ ತೆಗೆದ ಹತ್ತು ನಿಮಿಷಕ್ಕೆ ಹಗ್ಗವನ್ನೆತ್ತಿ ಆಚೆ ಹೋಗಿದ್ದೆವು. ಆ ತಮಾಷೆಗೆ ತಡವಾಗಿ ಕೊಡುತ್ತಿರುವ ಉತ್ತರವಿದು.

ನಾವು ಹೋದದ್ದು ನಾಗಾನೊ ಪ್ರಾಂತದ ಉತ್ತರದಲ್ಲಿರುವ ನೊಜಾವಾ ಓನ್ಸೆನ್ ಎಂಬ ಹಳ್ಳಿಗೆ. ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ಎರಡು ಗಂಟೆಯೊಳಗೆ ಇಯಾಮಾ, ಅಲ್ಲಿಂದ ಬಸ್ಸು. ನಾಲ್ಕು ಸಾವಿರ ಜನವೂ ಇಲ್ಲದ ಊರು. ಅದರ ಬೆನ್ನಿಗೆ 1,650 ಮೀಟರ್ ಎತ್ತರದ ಕೆನಾಶಿ ಪರ್ವತ. ಬೆಳಿಗ್ಗೆ ಟೋಕಿಯೊದಲ್ಲಿ ನೀಲಿ ಆಕಾಶ, ಎಳೆಬಿಸಿಲು. ಮಧ್ಯಾಹ್ನ ಇಳಿದಾಗ ಎದುರಿನ ಮನೆ ಕಾಣದಷ್ಟು ಹಿಮ ಸುರಿಯುತ್ತಿತ್ತು. ಇದರ ಗುಟ್ಟು ಸಹ್ಯಾದ್ರಿಯನ್ನು ಬಲ್ಲ ನಮಗೆ ಹೊಸತಲ್ಲ. ಚಳಿಗಾಲದಲ್ಲಿ ಸೈಬೀರಿಯದಿಂದ ಹೊರಟ ಕಡುತಣ್ಣನೆಯ ಒಣಗಾಳಿ ಜಪಾನ್ ಸಮುದ್ರವನ್ನು ದಾಟುವಾಗ, ಅಲ್ಲಿ ಹರಿಯುವ ತ್ಸುಶಿಮಾ ಎಂಬ ಬೆಚ್ಚನೆಯ ಪ್ರವಾಹದ ಮೇಲಿಂದ ನೀರು ಹೀರಿಕೊಳ್ಳುತ್ತದೆ. ಬೆಟ್ಟಸಾಲಿಗೆ ತಾಗಿ ಮೇಲೇರಿದಾಗ ಹೊತ್ತದ್ದನ್ನೆಲ್ಲ ಅಲ್ಲಿಯೇ ಇಳಿಸಿ, ಟೋಕಿಯೊದ ಕಡೆಗೆ ಬರಿಗೈಯಲ್ಲಿ ಹೋಗುತ್ತದೆ. ನೈಋತ್ಯದ ಗಾಳಿ ಆಗುಂಬೆಯಲ್ಲಿ ಸುರಿದು ಬಯಲುಸೀಮೆಯನ್ನು ಒಣಗಿಸುವ ಕಥೆಯೇ ಇದು; ಋತು ಬೇರೆ, ದಿಕ್ಕು ಬೇರೆ.

ಆ ಹಿಮ ಹಗುರವೆಂದರೆ ಹಗುರ. ಅಂಗೈಯಲ್ಲಿ ಹಿಡಿದು ಊದಿದರೆ ಹಾರುತ್ತದೆ, ಉಂಡೆ ಕಟ್ಟಲು ಬರುವುದಿಲ್ಲ. ಸ್ಕೀ ಆಡುವವರು ಇದನ್ನು ‘ಪೌಡರ್’ ಎಂದು ಕರೆಯುತ್ತಾರೆ. ನಮಗೆ ಜರಡಿ ಹಿಡಿದ ಅಕ್ಕಿಹಿಟ್ಟು ನೆನಪಾಯಿತು. ಇದರಲ್ಲಿ ಬಿದ್ದರೆ ಪೆಟ್ಟಾಗುವುದಿಲ್ಲ, ಆದರೆ ಏಳುವುದು ಸುಲಭವಲ್ಲ. ಊರಿದ ಕೈ ಮೊಣಕೈಯವರೆಗೆ, ಭುಜದವರೆಗೆ ಇಳಿಯುತ್ತಲೇ ಹೋಗುತ್ತದೆ, ತಳವೆಂಬುದು ಸಿಗುವುದಿಲ್ಲ. ಎರಡು ಊರುಗೋಲುಗಳನ್ನು ಅಡ್ಡಡ್ಡಲಾಗಿ ಹಿಮದ ಮೇಲಿಟ್ಟು, ಅವುಗಳ ಮೇಲೆ ಭಾರ ಹಾಕಿ ಏಳಬೇಕೆಂಬುದನ್ನು ಎರಡನೆಯ ದಿನ ಕಲಿತೆವು. ಮಕ್ಕಳು ಮೊದಲ ದಿನವೇ ಕಲಿತಿದ್ದರು. ಊಟದ ಕಷ್ಟವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಸಾರಿನಂತೆ ಕಂಡದ್ದರಲ್ಲೆಲ್ಲ ಮೀನಿನ ರಸವಿತ್ತು, ಮುಂಬಯಿಯಿಂದ ಒಯ್ದ ಗೊಜ್ಜವಲಕ್ಕಿ ಮರ್ಯಾದೆ ಉಳಿಸಿತು.

ಆ ಊರಿನಲ್ಲಿ ನಮ್ಮ ಮನಸ್ಸಿಗೆ ಹಿಡಿದದ್ದು ಇಳಿಜಾರಿಗಿಂತ ಹೆಚ್ಚಾಗಿ ಬೆಳಗಿನ ಬೀದಿ. ಕತ್ತಲಿರುವಾಗಲೇ ಹಿಮ ತಳ್ಳುವ ಯಂತ್ರಗಳ ಸದ್ದು. ಬೆಳಕು ಹರಿಯುವಷ್ಟರಲ್ಲಿ ಪ್ರತಿ ಮನೆಯ ಮುಂದೆ ಒಬ್ಬರು, ಹೆಚ್ಚಾಗಿ ಎಪ್ಪತ್ತು ದಾಟಿದವರು, ಅಗಲವಾದ ತಗಡಿನ ತಳ್ಳುಮರವೊಂದನ್ನು ಎರಡೂ ಕೈಯಿಂದ ನೂಕುತ್ತಿದ್ದರು. ಅದನ್ನು ಅಲ್ಲಿ ‘ಮಾಮಾಸಾನ್ ಡಂಪ್’ ಎನ್ನುತ್ತಾರಂತೆ. ಮನೆಯ ಹೆಂಗಸರೂ ಬಳಸಬಲ್ಲದ್ದು ಎಂಬ ಅರ್ಥ. ಹೆಂಗಸರ ಪಾಲಿಗೆ ಇನ್ನೊಂದು ಕೆಲಸ ಬಂತೆಂಬುದನ್ನು ಎಷ್ಟು ಅಂದವಾಗಿ ಹೇಳಿಬಿಟ್ಟಿದ್ದಾರೆ! ಮಾಡಿನ ಮೇಲೆ ಕೂತ ಹಿಮವನ್ನು ಇಳಿಸುವುದು ಇನ್ನೂ ಕಠಿಣ. ಇಳಿಸದಿದ್ದರೆ ಭಾರಕ್ಕೆ ಮನೆ ಕುಸಿಯಬಹುದು. ಇಳಿಸಲು ಹತ್ತಿದವರು ಜಾರಬಹುದು. ಪ್ರತಿ ಚಳಿಗಾಲದಲ್ಲೂ ಜಪಾನಿನಲ್ಲಿ ಈ ಕೆಲಸಕ್ಕೆ ಪ್ರಾಣ ತೆತ್ತವರ ಸುದ್ದಿ ಬರುತ್ತದೆ. ಅವರಲ್ಲಿ ಹೆಚ್ಚಿನವರು ವೃದ್ಧರು. ಮಕ್ಕಳು ಟೋಕಿಯೊಗೋ ಓಸಾಕಾಗೋ ಹೋಗಿರುತ್ತಾರೆ.

ಈ ವಾಕ್ಯವನ್ನು ಬರೆಯುವಾಗ ನಮ್ಮ ಕೈ ಸ್ವಲ್ಪ ತಡೆಯಿತು. ತೀರ್ಥಹಳ್ಳಿಯ ಬಳಿಯ ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು, ಜಗಲಿಗೆ ತಟ್ಟಿ ಕಟ್ಟುವುದು ಈಗ ಯಾರ ಪಾಲಿನ ಕೆಲಸವೆಂಬುದು ನಮಗೆ ಗೊತ್ತು. ನೊಜಾವಾದಲ್ಲಿ ಮನೆಗಳ ಕಿಟಕಿಗೆ, ಅಂಗಳದ ಗಿಡಗಳಿಗೆ ಹಿಮ ತಡೆಯಲು ಹಲಗೆ ಕಟ್ಟಿದ್ದನ್ನು ಕಂಡು ಮಗ ‘ಅಜ್ಜನ ಮನೆಯ ತಟ್ಟಿಯ ಹಾಗೇ ಇದೆ’ ಎಂದ. ಅಜ್ಜನಿಗೆ ಈಗ ಎಪ್ಪತ್ತೆಂಟು.

ಹಳ್ಳಿಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಅವುಗಳಿಂದ ನೀರು ಬರುವ ಹದಿಮೂರು ಸಾರ್ವಜನಿಕ ಸ್ನಾನಗೃಹಗಳಿವೆ. ಇವುಗಳನ್ನು ತೊಳೆದು, ದುರಸ್ತಿ ಮಾಡಿ ನಡೆಸುವವರು ಆಯಾ ಕೇರಿಯ ಮನೆಯವರೇ. ಹೊರಗಿನವರಿಗೂ ಪ್ರವೇಶವುಂಟು, ಶುಲ್ಕವಿಲ್ಲ, ಕಾಣಿಕೆಯ ಡಬ್ಬಿಯಿದೆ. (ಬತ್ತಲೆಯಾಗಿ ಮೀಯಬೇಕೆಂಬ ನಿಯಮದ ಮುಂದೆ ನಮ್ಮ ಮಡಿವಂತಿಕೆ ಎರಡು ದಿನ ಹೋರಾಡಿ ಮೂರನೆಯ ದಿನ ಸೋತಿತು.) ಇದೇ ಊರಿನಲ್ಲಿ ಓಗಾಮಾ ಎಂಬ ಕುದಿಯುವ ಬುಗ್ಗೆಯೊಂದಿದೆ. ಅಲ್ಲಿ ಊರಿನವರು ಸೊಪ್ಪು, ಮೊಟ್ಟೆ ಬೇಯಿಸಿಕೊಳ್ಳುತ್ತಾರೆ. ಆದರೆ ಅದರ ಸುತ್ತಲಿನ ಕಟ್ಟೆಯನ್ನು ಪ್ರವಾಸಿಗಳು ದಾಟುವಂತಿಲ್ಲ. ಒಂದು ಬಾಗಿಲು ತೆರೆದಿದೆ, ಒಂದು ಮುಚ್ಚಿದೆ. ಎರಡನ್ನೂ ನಿರ್ಧರಿಸಿದವರು ಅಲ್ಲಿ ಬಾಳುವವರು. ನಮಗೆ ಇದು ಸರಿಯಾಗಿ ಕಂಡಿತು. ಸಂಸ್ಕಾರವಂತ ಪ್ರವಾಸಿಗಳೆಂದು ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು. ಮರುದಿನವೇ ಹಗ್ಗ ದಾಟಿದೆವು.

ಅಂದು ರಾತ್ರಿಯಿಡೀ ಹಿಮ ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಹಗ್ಗದ ಈಚೆಯ ಇಳಿಜಾರೆಲ್ಲ ನೂರಾರು ಜನರ ಸ್ಕೀಗಳು ಉತ್ತ ಹೊಲದಂತಾಗಿತ್ತು. ಆಚೆಯದು ಹಾಗೆಯೇ ಇತ್ತು. ಇಬ್ಬರು ಯುವಕರು ನಮ್ಮ ಕಣ್ಣೆದುರೇ ಹಗ್ಗದಡಿ ನುಸುಳಿ ಹೂಂಕರಿಸುತ್ತ ಇಳಿದುಹೋದರು. ‘ಸ್ವಲ್ಪ ದೂರ, ಆ ಮರದವರೆಗೆ’ ಎಂದವರು ಮಕ್ಕಳಲ್ಲ, ನಾವು. ಮೂವತ್ತು ಮಾರು ಹೋಗಿರಬಹುದು. ಮುಂದಿದ್ದ ಮಗ ಮಗುಚಿ ಬಿದ್ದ. ನಗುತ್ತಲೇ ಬಿದ್ದ, ಮುಖ ಎತ್ತಿದಾಗ ನಗುವಿರಲಿಲ್ಲ. ಅವನ ಒಂದು ಸ್ಕೀ ಕಳಚಿ ಹಿಮದೊಳಗೆ ಸೇರಿಹೋಗಿತ್ತು. ನಾವು ಅವನತ್ತ ಹೆಜ್ಜೆಯಿಟ್ಟೆವು, ಎದೆಯವರೆಗೆ ಇಳಿದೆವು. ಐದಾರು ಮಾರು ದೂರದ ಮಗನನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ನಮಗೆ ಈಗಲೂ ಹೇಳಲಾಗದು. ಲಿಫ್ಟು ನಿಲ್ಲುವ ಹೊತ್ತು ಹತ್ತಿರವಾಗುತ್ತಿತ್ತು, ಮತ್ತೆ ಹಿಮ ಶುರುವಾಗಿತ್ತು. ಹಗ್ಗದ ಬಳಿ ನಿಂತಿದ್ದ ಮಗಳು, ಅವಳೊಬ್ಬಳೇ ದಾಟಿರಲಿಲ್ಲ, ಕೂಗಿ ಗಸ್ತಿನವರನ್ನು ಕರೆದಳು.

ಬಂದ ಯುವಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಉದ್ದನೆಯ ಸರಳಿನಿಂದ ಹಿಮವನ್ನು ಚುಚ್ಚುತ್ತ, ಅಂಗುಲ ಅಂಗುಲ ಹುಡುಕಿ, ಸ್ಕೀಯನ್ನು ಹೊರತೆಗೆದ. ಆಮೇಲೆ ನಾವು ಗುರಿಯಿಟ್ಟಿದ್ದ ಮರವನ್ನು ತೋರಿಸಿ, ಅರ್ಧ ಇಂಗ್ಲಿಷು ಅರ್ಧ ಕೈಸನ್ನೆಯಲ್ಲಿ ವಿವರಿಸಿದ. ಕೆಳಗೊಂಬೆಗಳು ಹಿಮವನ್ನು ತಡೆಯುವುದರಿಂದ ಮರದ ಬುಡದ ಸುತ್ತ ಪೊಳ್ಳಾದ ಗುಂಡಿಯಾಗಿರುತ್ತದೆ, ಮೇಲಿಂದ ಕಾಣುವುದಿಲ್ಲ. ಅದರೊಳಕ್ಕೆ ತಲೆಕೆಳಗಾಗಿ ಜಾರಿದವರು ಒದ್ದಾಡಿದಷ್ಟೂ ಮೇಲಿನ ಹಿಮ ಕುಸಿದು ಮುಚ್ಚುತ್ತದೆ. ಉಸಿರು ಕಟ್ಟುವುದಕ್ಕೆ ಹೆಚ್ಚು ಹೊತ್ತು ಬೇಡ. ಮಗ ಬಿದ್ದಲ್ಲಿಂದ ಆ ಮರ ನಾಲ್ಕು ಮಾರು.

‘ದುಡ್ಡು ಕೊಟ್ಟಿದ್ದೇವಲ್ಲ’ ಎಂಬ ಮಾತಿಗೆ ಈಗ ಬರುತ್ತೇವೆ. ಕೊಟ್ಟಿದ್ದೇವೆ, ನಿಜ. ಅದು ಲಿಫ್ಟಿನ ಬಾಡಿಗೆ, ಬೆಟ್ಟದ ಕ್ರಯಪತ್ರವಲ್ಲ. ನಮ್ಮಂಥವರ ದುಡ್ಡಿಲ್ಲದೆ ಆ ಹಳ್ಳಿ ಬದುಕದು ಎಂಬ ವಾದವನ್ನೂ ಅಲ್ಲಗಳೆಯುವುದಿಲ್ಲ. 1990ರ ದಶಕದ ಬಳಿಕ ಜಪಾನೀಯರಲ್ಲೇ ಸ್ಕೀ ಆಡುವವರು ಬಹಳ ಕಡಿಮೆಯಾದರು. ಇಂದು ಎಷ್ಟೋ ಊರುಗಳ ಚಳಿಗಾಲವನ್ನು ಹೊರದೇಶದವರು ನಡೆಸುತ್ತಿದ್ದಾರೆ. ಆದರೆ ಹಗ್ಗ ದಾಟಿದವರು ಸಿಕ್ಕಿಕೊಂಡಾಗ ಹುಡುಕಲು ಹೋಗುವವರು ಯಾರು? ಆ ಊರಿನವರೇ, ಬೆಳಗಿನ ಜಾವದಿಂದ ಹಿಮ ತಳ್ಳಿ ದಣಿದವರೇ. 2010ರಲ್ಲಿ ನೊಜಾವಾ ಓನ್ಸೆನ್ ಹಳ್ಳಿ ತನ್ನದೇ ಆದ ಶಾಸನವೊಂದನ್ನು ಮಾಡಿಕೊಂಡಿತು: ಸ್ಕೀ ಪ್ರದೇಶದ ಗಡಿಯಾಚೆ ಹೋಗಿ ಸಿಕ್ಕಿಕೊಂಡವರ ಹುಡುಕಾಟದ ವೆಚ್ಚವನ್ನು ಅವರೇ ಭರಿಸಬೇಕು. ಇದು ಅತಿಥಿಸತ್ಕಾರಕ್ಕೆ ಒಪ್ಪದ ಮಾತೆಂದು ಗೊಣಗುವ ಪ್ರವಾಸಿಗಳನ್ನು ಅಲ್ಲಿಯೇ ಕಂಡೆವು. ನಮಗೆ ಅದು ಸಾಲದೆನಿಸುತ್ತದೆ. ವೆಚ್ಚವನ್ನು ಹಣದಲ್ಲಿ ತೀರಿಸಬಹುದು. ಹುಡುಕಲು ಹೋದ ಹುಡುಗನ ಮನೆಯಲ್ಲಿ ದೀಪ ಹಚ್ಚಿಕೊಂಡು ಕಾಯುವವರ ಲೆಕ್ಕವನ್ನು ಯಾವ ರಸೀದಿಯಲ್ಲಿ ಬರೆಯುವುದು? ಮುಂಬಯಿ, ಪುಣೆಗಳಲ್ಲಿರುವ ನಮಗೆ ಇದು ದೂರದ ಮಾತಲ್ಲ. ಪ್ರತಿ ಜುಲೈಯಲ್ಲೂ ಲೋನಾವಳದ ತೊರೆಗಳಲ್ಲಿ, ಘಟ್ಟದ ಜಲಪಾತಗಳಲ್ಲಿ ಫಲಕ ದಾಟಿ ಇಳಿದವರಿಗಾಗಿ ನೀರಿಗೆ ಧುಮುಕುವವರು ಸುತ್ತಲಿನ ಹಳ್ಳಿಗಳ ಹುಡುಗರೇ.

ಮರಳುವ ದಿನ ನೇರ ದಾರಿ ಬಿಟ್ಟು ಸಣ್ಣ ರೈಲು ಹಿಡಿದೆವು. ಅದಕ್ಕೊಂದು ಕಾರಣವಿತ್ತು: ಎಚಿಗೊ ಸೀಮೆಯ ಶಿಯೋಜಾವಾ ಎಂಬ ಊರನ್ನು ನೋಡಬೇಕಿತ್ತು. ದಾರಿಯಲ್ಲಿ ಮೊರಿಮಿಯಾನೊಹಾರಾ ನಿಲ್ದಾಣದಲ್ಲಿ ಎತ್ತರದ ಕಂಬವೊಂದು ನಿಂತಿದೆ. 1945ರ ಫೆಬ್ರವರಿ 12ರಂದು ಅಲ್ಲಿ ಹಿಮ 7.85 ಮೀಟರ್ ನಿಂತಿತ್ತೆಂಬುದರ ಗುರುತು ಅದು. ಮಕ್ಕಳು ಕಿಟಕಿಯಿಂದ ಕತ್ತೆತ್ತಿ ನೋಡಿ ಮಾತಿಲ್ಲದೆ ಕೂತರು.

ಶಿಯೋಜಾವಾ ಸುಜುಕಿ ಬೋಕುಶಿಯ ಊರು. 1770ರಲ್ಲಿ ಹುಟ್ಟಿದ ಈತ ಚಿಜಿಮಿ ಎಂಬ ನಾರುಬಟ್ಟೆಯ ವ್ಯಾಪಾರಿ. ಎಡೊ ನಗರದವರಿಗೆ ಹಿಮವೆಂದರೆ ಏನೆಂದೇ ತಿಳಿಯದೆಂಬ ಕೊರಗು ಈತನಿಗೆ. ಅಲ್ಲಿ ಒಂದಿಷ್ಟು ಹಿಮ ಬಿದ್ದರೆ ಪದ್ಯ ಕಟ್ಟುತ್ತಾರೆ, ಗೆಳೆಯರನ್ನು ಕರೆದು ಪಾನಗೋಷ್ಠಿ ನಡೆಸುತ್ತಾರೆ; ತನ್ನ ಸೀಮೆಯವರು ಅದೇ ಹಿಮವನ್ನು ಅಗೆದು ದಾರಿ ಮಾಡಿಕೊಂಡು ತಿಂಗಳುಗಟ್ಟಲೆ ಬದುಕಬೇಕು. ಇದನ್ನು ಬರೆದು ಅಚ್ಚು ಹಾಕಿಸಲು ಆತ ದಶಕಗಳ ಕಾಲ ಎಡೊದ ಲೇಖಕರ ಬೆನ್ನು ಬಿದ್ದ. ಕೊನೆಗೆ ‘ಹೊಕುಎತ್ಸು ಸೆಪ್ಪು’ ಹೊರಬರತೊಡಗಿದ್ದು 1837ರಲ್ಲಿ, ಆತನ ಅರುವತ್ತೇಳನೆಯ ವಯಸ್ಸಿನ ಸುಮಾರಿಗೆ. ದೂರದ ಬೆಟ್ಟ ನುಣ್ಣಗೆ ಎಂಬುದನ್ನು ನಗರದವರಿಗೆ ತಿಳಿಸಲು ಒಬ್ಬನಿಗೆ ಒಂದು ಆಯುಷ್ಯವೇ ಬೇಕಾಯಿತು. ಆತ ಹಿಮದ್ವೇಷಿಯಲ್ಲ ಎಂಬುದನ್ನೂ ಹೇಳಬೇಕು. ಅವನು ಮಾರುತ್ತಿದ್ದ ಬಟ್ಟೆ ಬಿಳುಪಾಗುತ್ತಿದ್ದುದೇ ಹಿಮದ ಮೇಲೆ ಹರವಿದಾಗ.

ಆ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಎಳೆಯ ದಂಪತಿ ತಮ್ಮ ಹಸುಗೂಸನ್ನು ತೋರಿಸಲು ಹೆಂಡತಿಯ ತವರಿಗೆ ಹೊರಡುತ್ತಾರೆ. ಹೊರಟಾಗ ಆಕಾಶ ತಿಳಿಯಾಗಿತ್ತು. ನಡುದಾರಿಯಲ್ಲಿ ಹಿಮಗಾಳಿ ಎದ್ದಿತು. ಮರುದಿನ ಜನ ಹಿಮದಡಿಯಲ್ಲಿ ಅವರನ್ನು ಕಂಡುಕೊಂಡದ್ದು ಮಗುವಿನ ಅಳುವಿನಿಂದ. ತಾಯಿಯ ಮಡಿಲಿನ ಬಟ್ಟೆಯೊಳಗೆ ಕೂಸು ಬದುಕಿತ್ತು. ಗಂಡಹೆಂಡಿರು ಒಬ್ಬರನ್ನೊಬ್ಬರು ಹಿಡಿದುಕೊಂಡೇ ಸತ್ತಿದ್ದರು. ಅವರದು ಅನಿವಾರ್ಯದ ದಾರಿಯಾಗಿತ್ತು. ಹಿಮದ ಸೀಮೆಯಲ್ಲಿ ಹುಟ್ಟಿದವರಿಗೆ ತವರೂ ಹಿಮದಾಚೆಯೇ ಇರುತ್ತದೆ. ನಮಗೆ ಯಾವ ತವರು ಕರೆದಿತ್ತು?

ಎಚಿಗೊ ಯುಜಾವಾದಲ್ಲಿ ಮತ್ತೆ ಬುಲೆಟ್ ರೈಲು. ಇಪ್ಪತ್ತೆರಡು ಕಿಲೋಮೀಟರ್ ಉದ್ದದ ಸುರಂಗದಲ್ಲಿ ಕಿವಿ ಗುಂಯ್ಗುಟ್ಟಿತು. ಆಚೆ ಬಂದಾಗ ಕಣ್ಣು ಕುಕ್ಕುವ ಬಿಸಿಲು, ಒಣಗಿದ ಹೊಲ, ಒಣಹಾಕಿದ ಬಟ್ಟೆ. ಮಗಳು ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಲಿಫ್ಟಿನ ಬುಡದಲ್ಲಿ ಪೊರಕೆ ಹಿಡಿದು ನಿಂತು, ಪ್ರತಿ ಕುರ್ಚಿ ಬಂದಾಗಲೂ ಅದರ ಮೇಲಿನ ಹಿಮ ಗುಡಿಸಿ ನಮ್ಮನ್ನು ಕೂರಿಸುತ್ತಿದ್ದ ಮುದುಕರೊಬ್ಬರಿದ್ದರು. ಆರು ದಿನವೂ ಅವರೇ, ಪ್ರತಿ ಸಲವೂ ತಲೆ ಬಾಗಿಸುತ್ತಿದ್ದರು. ನಾನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರದೊಂದೂ ಇರಲಿಲ್ಲ. ಹಗ್ಗದ ಚಿತ್ರವನ್ನು ಅಳಿಸಲೇ ಎಂದು ಅವಳು ಕೇಳಿದಳು. ಬೇಡವೆಂದೆವು.