ತೂಗಿಸಿಕೊಂಡು ಹೋಗುವವಳು

ನನಗೆ ಸಿಟ್ಟು ತರಿಸುವ ಹೊಗಳಿಕೆ ಒಂದಿದೆ. “ಎರಡನ್ನೂ ಎಷ್ಟು ಚೆನ್ನಾಗಿ ತೂಗಿಸಿಕೊಂಡು ಹೋಗ್ತೀರಿ ಮೇಡಂ!” ಕೆಲಸಕ್ಕೆ ಸೇರಿದಂದಿನಿಂದ ಇದನ್ನು ಕೇಳುತ್ತಲೇ ಬಂದಿದ್ದೇನೆ. ನನ್ನ ಜೊತೆಯ ಮೇಷ್ಟ್ರುಗಳಿಗೆ ಯಾರೂ ಈ ಮಾತು ಹೇಳಿದ್ದನ್ನು ಕೇಳಿಲ್ಲ. ಅವರ ತಕ್ಕಡಿಗೆ ಎರಡನೆಯ ತಟ್ಟೆಯೇ ಇಲ್ಲವಲ್ಲ! ಈ ಸವಿಮಾತಿನ ಹಿಂದೆ ಎಂಥ ಅನ್ಯಾಯ ಅಡಗಿರಬಹುದು ಎನ್ನುವುದಕ್ಕೆ ದೂರದ ಸ್ಕಾಟ್ಲೆಂಡಿನ ಒಬ್ಬ ಶಿಕ್ಷಕಿಯ ವಿಷಯ ಹೇಳುತ್ತೇನೆ. ಫುಟ್‌ಬಾಲ್ ಕಟ್ಟಿಕೊಂಡು ನಮಗೇನಾಗಬೇಕು ಎಂದು ಪುಟ ತಿರುಗಿಸಬೇಡಿ.

ಆಕೆಯ ಹೆಸರು ಜೂಲಿ ಫ್ಲೀಟಿಂಗ್. 1980ರಲ್ಲಿ ಹುಟ್ಟಿದ್ದು. ಏರ್‌ಷೈರ್ ಪ್ರಾಂತದ ಕಿಲ್‌ವಿನ್ನಿಂಗ್ ಆಕೆಯ ಊರು. ತಂದೆ ಫುಟ್‌ಬಾಲ್ ಆಟಗಾರ, ತರಬೇತುದಾರ. ಮಗಳು ತನ್ನ ದೇಶಕ್ಕಾಗಿ 121 ಪಂದ್ಯ ಆಡಿ 116 ಗೋಲು ಹೊಡೆದರು. ಆ ದೇಶದ ಗಂಡಸರ ತಂಡದಲ್ಲಿ ಅತಿ ಹೆಚ್ಚು ಗೋಲು ಹೊಡೆದ ಕೆನ್ನಿ ಡಾಲ್ಗ್ಲಿಷ್ ಮತ್ತು ಡೆನಿಸ್ ಲಾ ಇಬ್ಬರದೂ ತಲಾ 30. ಗಂಡಸರ ಆಟಕ್ಕೂ ಹೆಂಗಸರ ಆಟಕ್ಕೂ ಹೋಲಿಕೆಯೇ ಎನ್ನುತ್ತೀರಾ? ಬೇಡ ಬಿಡಿ. ನಾನು ಹೋಲಿಸುತ್ತಿರುವುದು ಆಟವನ್ನಲ್ಲ, ಅನ್ನವನ್ನು. ಆ ಇಬ್ಬರಿಗೂ ಆಟವೇ ಅನ್ನ ಕೊಟ್ಟಿತು. ಈಕೆಗೆ ಅನ್ನ ಕೊಟ್ಟದ್ದು ದೈಹಿಕ ಶಿಕ್ಷಣದ ಶಿಕ್ಷಕಿಯ ಕೆಲಸ.

ಆಟದಿಂದಲೇ ಬದುಕುವ ಅವಕಾಶ ಆಕೆಗೆ ಒಮ್ಮೆ ಸಿಕ್ಕಿತ್ತು. 2002ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ತಂಡಕ್ಕೆ ಆಡಲು ಹೋದರು. ಅದು ಸಂಬಳ ಕೊಡುವ ಮಹಿಳಾ ಲೀಗ್. 2003ರ ಸೆಪ್ಟೆಂಬರಿನಲ್ಲಿ ಹಣ ಸಾಲದೆ ಆ ಲೀಗೇ ಮುಚ್ಚಿಹೋಯಿತು. ಊರಿಗೆ ಮರಳಿದ ಜೂಲಿ 2004ರಲ್ಲಿ ಲಂಡನ್ನಿನ ಆರ್ಸೆನಲ್ ಮಹಿಳಾ ತಂಡ ಸೇರಿದರು. ಆದರೆ ಲಂಡನ್ನಿಗೆ ಹೋಗಿ ನೆಲೆಸಲಿಲ್ಲ. ಸ್ಕಾಟ್ಲೆಂಡಿನಲ್ಲೇ ಇದ್ದು, ವಾರವೆಲ್ಲ ಅಲ್ಲೇ ಅಭ್ಯಾಸ ಮಾಡಿ, ಪಂದ್ಯಕ್ಕೆಂದು ವಿಮಾನ ಹತ್ತಿ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬರುತ್ತಿದ್ದರು. ಅದೇ ವರ್ಷ ಇಂಗ್ಲೆಂಡಿನ ಎಫ್.ಎ. ಮಹಿಳಾ ಕಪ್ಪಿನ ಫೈನಲ್‌ನಲ್ಲಿ ಚಾರ್ಲ್‌ಟನ್ ತಂಡವನ್ನು ಆರ್ಸೆನಲ್ 3–0ಯಿಂದ ಸೋಲಿಸಿತು. ಮೂರೂ ಗೋಲು ಈ ಶಿಕ್ಷಕಿಯದು.

ಆ ಋತುವಿನಲ್ಲೇ ಆರ್ಸೆನಲ್ಲಿನ ಗಂಡಸರ ತಂಡ ಒಂದೂ ಲೀಗ್ ಪಂದ್ಯ ಸೋಲದೆ ಚಾಂಪಿಯನ್ ಆಯಿತು. ಜಗತ್ತೇ ಕೊಂಡಾಡಿತು, ಕೊಂಡಾಡಬೇಕಾದ್ದೇ. ಆದರೆ ಅವರಲ್ಲಿ ಒಬ್ಬನಿಗಾದರೂ ಹೊಟ್ಟೆಪಾಡಿಗಾಗಿ ಸೀಟಿ ಊದಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಬೇಕಿತ್ತೇ? ನೀವೇ ಹೇಳಿ.

“ಗಂಡಸರಲ್ಲೂ ಎರಡು ವೃತ್ತಿಯವರು ಇದ್ದಾರಲ್ಲ” ಎಂದು ವಾದಿಸುವವರಿದ್ದಾರೆ. ಇದ್ದಾರೆ. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಸೆಲ್ಟಿಕ್ ತಂಡದ ಜಿಮ್ ಕ್ರೇಗ್ ದಂತವೈದ್ಯರು. ಮೊಣಕಾಲಿನ ಪೆಟ್ಟಿನಿಂದ ಆಟ ಬಿಟ್ಟ ಕ್ರೇಗ್ ಬ್ರೌನ್ ಶಾಲಾ ಮೇಷ್ಟ್ರಾಗಿ, ಆಮೇಲೆ ತರಬೇತುದಾರರಾಗಿ, 1998ರ ವಿಶ್ವಕಪ್ಪಿಗೆ ಸ್ಕಾಟ್ಲೆಂಡನ್ನು ಕರೆದೊಯ್ದರು. ಇಬ್ಬರ ಬಗ್ಗೆಯೂ ನನಗೆ ಗೌರವವಿದೆ. ಆದರೆ ಅವರ ಎರಡನೆಯ ವಿದ್ಯೆ ಆಟ ಮುಗಿದ ಮೇಲೂ ಕೈಹಿಡಿಯುವ ಆಸರೆ. ಜೂಲಿಗೆ ಆಟ ಉತ್ತುಂಗದಲ್ಲಿದ್ದಾಗಲೇ ಅದು ಬೇಕಾಯಿತು. ಅವರದು ಆಯ್ಕೆ, ಈಕೆಯದು ಅನಿವಾರ್ಯ. ಪಾಠ ಹೇಳುವುದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ನನ್ನ ಮನೆ ನಡೆದದ್ದೂ ಅದರಿಂದಲೇ.

ಇದು ತಾನಾಗಿ ಆದದ್ದೂ ಅಲ್ಲ. 1921ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಹೆಂಗಸರ ಆಟಕ್ಕೆ ಮೈದಾನ ಕೊಡಕೂಡದೆಂದು ತನ್ನ ಕ್ಲಬ್ಬುಗಳಿಗೆ ಕಟ್ಟಪ್ಪಣೆ ಮಾಡಿತು. ಈ ಆಟ ಹೆಂಗಸರ ಮೈಗೆ ಒಗ್ಗದು ಎನ್ನುವುದು ಅವರು ಕೊಟ್ಟ ಕಾರಣ. ಐವತ್ತು ವರ್ಷದ ನಂತರ, 1971ರಲ್ಲಿ, ಮಹಿಳಾ ಫುಟ್‌ಬಾಲನ್ನು ಒಪ್ಪಿಕೊಳ್ಳೋಣವೇ ಎಂದು ಯುರೋಪಿನ ದೇಶಗಳು ಮತ ಹಾಕಿದಾಗ ಬೇಡವೆಂದ ದೇಶ ಒಂದೇ ಒಂದು: ಸ್ಕಾಟ್ಲೆಂಡ್! ಅಲ್ಲಿ ಮಾನ್ಯತೆ ಸಿಕ್ಕಿದ್ದು 1974ರಲ್ಲಿ. ಆರು ವರ್ಷಕ್ಕೆ ಜೂಲಿ ಹುಟ್ಟಿದರು. ಬಾಗಿಲೇನೋ ತೆರೆದಿತ್ತು, ಒಳಗೆ ಎಲೆ ಹಾಕಿರಲಿಲ್ಲ.

2019ರಲ್ಲಿ ಸ್ಕಾಟ್ಲೆಂಡಿನ ಹೆಣ್ಣುಮಕ್ಕಳು ಮೊದಲ ಬಾರಿಗೆ ವಿಶ್ವಕಪ್ ಆಡಿದರು. ಅದಕ್ಕೆ ಮುನ್ನ ಅಲ್ಲಿನ ಸರ್ಕಾರ ಹಣ ಒದಗಿಸಿ, ಕೆಲವು ತಿಂಗಳಾದರೂ ಆಟಗಾರ್ತಿಯರು ಬೇರೆ ದುಡಿಮೆ ಬಿಟ್ಟು ಪೂರ್ತಿ ಅಭ್ಯಾಸ ಮಾಡುವಂತೆ ನೋಡಿಕೊಂಡಿತು. ಕೊಡಬಹುದಿತ್ತು ಎಂದಾಯಿತಲ್ಲ! ಅಷ್ಟು ಹೊತ್ತಿಗೆ ಜೂಲಿ ಆಟ ಬಿಟ್ಟಾಗಿತ್ತು. 116 ಗೋಲು ಹೊಡೆದಾಕೆ ಒಂದು ವಿಶ್ವಕಪ್ಪಿನಲ್ಲೂ ಆಡಲಿಲ್ಲ.

ಆಕೆಗೆ ಗೌರವ ಸಿಕ್ಕಿದೆ, ಹೊಗಳಿಕೆಯೂ ಸಿಕ್ಕಿದೆ. ಹೊಗಳಲು ಖರ್ಚೇನೂ ಇಲ್ಲ ನೋಡಿ. ನಿಮ್ಮೂರಿನ ಮೈದಾನದಲ್ಲಿ ಚೆನ್ನಾಗಿ ಓಡುವ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದರೆ, ಓದಿನ ಜೊತೆ ಆಟವನ್ನೂ ನಿಭಾಯಿಸುತ್ತಾಳೆಂದು ಮೆಚ್ಚಿ ಮನೆಗೆ ಹೋಗಬೇಡಿ. ಅವಳಿಗೆ ಶೂ ಯಾರು ಕೊಡಿಸುತ್ತಾರೆ, ಊರೂರಿಗೆ ಹೋಗಿ ಬರುವ ಬಸ್ ಚಾರ್ಜು ಯಾರದು, ಅವಳು ಮೈದಾನದಲ್ಲಿರುವ ಹೊತ್ತಿನಲ್ಲಿ ಮನೆಯ ಪಾತ್ರೆ ತೊಳೆಯುವವರು ಯಾರು, ಇದನ್ನು ಕೇಳಿ. ಗಟ್ಟಿಯಾಗಿಯೇ ಕೇಳಿ.