ಪಾತ್ರದ ಮರೆಯಲ್ಲಿ ಆಟಗಾರ

ಮೇಜಿನ ಸುತ್ತ ನಾಲ್ಕೈದು ಜನ ಕೂತು, ದಾಳ ಉರುಳಿಸುತ್ತ, ಎಲ್ಲರೂ ಸೇರಿ ಒಂದು ಕಥೆ ಕಟ್ಟುವ ಆಟವೇ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್. ಒಬ್ಬರು ಲೋಕವನ್ನು ವರ್ಣಿಸುತ್ತಾರೆ, ಉಳಿದವರು ಆ ಲೋಕದಲ್ಲಿ ಒಂದೊಂದು ಪಾತ್ರವಾಗುತ್ತಾರೆ. ಈ ಆಟ ಆಡುವವರಿಗೆಲ್ಲ ಪರಿಚಿತವಾದ ಒಂದು ಸಮಜಾಯಿಷಿಯಿದೆ: ‘ನಾನೇನು ಮಾಡಲಿ, ನನ್ನ ಪಾತ್ರ ಇರೋದೇ ಹಾಗೆ.’ ಒಬ್ಬನ ಪಾತ್ರ ರಾತ್ರಿ ಎಲ್ಲರೂ ಮಲಗಿದ್ದಾಗ ಜೊತೆಗಾರರ ಚೀಲಕ್ಕೇ ಕೈ ಹಾಕುತ್ತದೆ. ಇನ್ನೊಬ್ಬನದು, ಉಳಿದವರು ಸಂಧಾನ ನಡೆಸುತ್ತಿರುವಾಗಲೇ ಊರ ಹಿರಿಯನನ್ನು ಇರಿಯುತ್ತದೆ. ಮತ್ತೊಬ್ಬ, ಬೇರೆಯವರ ಮುಖ ಬಾಡುತ್ತಿದ್ದರೂ ಲೆಕ್ಕಿಸದೆ ಸೆರೆಯಾಳಿನ ಹಿಂಸೆಯನ್ನು ವಿವರವಿವರವಾಗಿ ಬಣ್ಣಿಸುತ್ತಾನೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕಥೆಯೊಳಗೇ ಪರಿಹಾರ ಹುಡುಕುತ್ತಾರೆ. ಕಾವಲುಗಾರರನ್ನು ಕರೆಸುತ್ತಾರೆ, ದೇವರ ಶಾಪ ತರಿಸುತ್ತಾರೆ, ಪಾತ್ರವನ್ನು ಸೆರೆಮನೆಗೆ ತಳ್ಳುತ್ತಾರೆ. ಇದು ತಪ್ಪು ದಾರಿ ಎಂಬುದು ನನ್ನ ವಾದ. ಸಮಸ್ಯೆ ಹುಟ್ಟುವುದು ಮೇಜಿನ ಸುತ್ತ ಕೂತ ಜನರ ನಡುವೆ. ಹಾಗಾಗಿ ಅದು ಬಗೆಹರಿಯಬೇಕಾದದ್ದೂ ಅಲ್ಲೇ, ಕಥೆ ನಿಲ್ಲಿಸಿ ನೇರವಾಗಿ ಆಡುವ ಮಾತಿನಲ್ಲಿ.

ಈ ಪ್ರಕಾರದ ಮೊದಲ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಮೆರಿಕದಲ್ಲಿ ಪ್ರಕಟವಾದದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೈನ್ಯಗಳ ಯುದ್ಧದಾಟವನ್ನು ಒಗ್ಗಿಸಿ, ಒಬ್ಬೊಬ್ಬ ಆಟಗಾರನಿಗೆ ಒಂದೊಂದೇ ಪಾತ್ರವಿರುವ ಆಟವಾಗಿ ಬೆಳೆಸಿದರು. ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಮೊದಲ ಕಂತು ನೋಡಿದವರಿಗೆ ಹುಡುಗರು ನೆಲಮಾಳಿಗೆಯಲ್ಲಿ ಆಡುತ್ತಿದ್ದ ಆ ಆಟ ನೆನಪಿರಬಹುದು. ಚದುರಂಗಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಗೆಲ್ಲುವವರು, ಸೋಲುವವರು ಇಲ್ಲ. ಡಂಜನ್ ಮಾಸ್ಟರ್ ಎನಿಸಿಕೊಂಡ ನಿರೂಪಕ ಸನ್ನಿವೇಶ ಒಡ್ಡುತ್ತಾರೆ, ಆಟಗಾರರು ಏನು ಮಾಡುತ್ತೇವೆಂದು ಹೇಳುತ್ತಾರೆ, ಫಲಿತಾಂಶ ಅನಿಶ್ಚಿತವಾಗಿದ್ದರೆ ದಾಳ ತೀರ್ಮಾನಿಸುತ್ತದೆ. ಪಾತ್ರ ಏನು ಬೇಕಾದರೂ ಮಾಡಲು ಯತ್ನಿಸಬಹುದು. ಆಟದ ಮೋಹಕತೆಯೂ ತಕರಾರಿನ ಮೂಲವೂ ಈ ಸ್ವಾತಂತ್ರ್ಯವೇ. ಗೆಲುವಿನ ಗುರಿಯಿಲ್ಲದ ಆಟದಲ್ಲಿ ಕೂತವರಿಗೆ ಸಿಗುವ ಸಂತೋಷವೊಂದೇ ಫಲ. ಒಬ್ಬರ ನಡೆ ಉಳಿದವರ ಸಂತೋಷವನ್ನು ಕಿತ್ತುಕೊಂಡರೆ ಆಟದಲ್ಲಿ ಮಿಕ್ಕುವುದು ಬಹಳ ಕಡಿಮೆ.

‘ನನ್ನ ಪಾತ್ರ ಇರೋದೇ ಹಾಗೆ’ ಎಂಬ ಮಾತು ಮೇಲ್ನೋಟಕ್ಕೆ ಕಲಾನಿಷ್ಠೆಯಂತೆ ಕೇಳಿಸುತ್ತದೆ. ಪಾತ್ರಕ್ಕೆ ತಕ್ಕಂತೆ ನಡೆಯಬೇಕಲ್ಲವೇ? ಆದರೆ ಆ ಪಾತ್ರವನ್ನು ಸೃಷ್ಟಿಸಿದವರು ಯಾರು? ಕಳ್ಳನಾಗಬೇಕೆಂದು ಆರಿಸಿಕೊಂಡದ್ದು ಆಟಗಾರ. ಆ ಕಳ್ಳ ಶತ್ರುವಿನ ಖಜಾನೆ ಬಿಟ್ಟು ಗೆಳೆಯರ ಚೀಲಕ್ಕೆ ಕೈ ಹಾಕಬೇಕೆಂದು ತೀರ್ಮಾನಿಸಿದ್ದೂ ಅವನೇ. ಯಾವುದೇ ಗಳಿಗೆಯಲ್ಲಿ ಒಂದು ಪಾತ್ರ ಮಾಡಬಹುದಾದ, ಸ್ವಭಾವಕ್ಕೆ ಹೊಂದುವ ಕೆಲಸ ಒಂದೇ ಇರುವುದಿಲ್ಲ, ಹತ್ತಿರುತ್ತವೆ. ಸಿಡುಕಿನ ಯೋಧ ಹಿರಿಯನನ್ನು ಇರಿಯಲೂಬಹುದು, ಮೇಜು ಗುದ್ದಿ ಹೊರನಡೆಯಲೂಬಹುದು. ಎರಡೂ ಸಿಡುಕೇ. ಮೊದಲನೆಯದು ಉಳಿದವರು ಅಷ್ಟು ಹೊತ್ತು ಕಟ್ಟಿದ್ದನ್ನು ಕೆಡವುತ್ತದೆ, ಎರಡನೆಯದು ಅದಕ್ಕೆ ಹೊಸ ತಿರುವು ಕೊಡುತ್ತದೆ. ತಾಳಮದ್ದಳೆ ಕೇಳಿ ಬಲ್ಲವರಿಗೆ ಈ ವಿವೇಚನೆ ಹೊಸದಲ್ಲ. ಕೌರವನ ಅರ್ಥ ಹೇಳುವವರು ಕೌರವನನ್ನು ಎಷ್ಟು ಬೇಕಾದರೂ ಸಮರ್ಥಿಸಿಕೊಳ್ಳಬಹುದು, ಅದಕ್ಕೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಎದುರಿನ ಕೃಷ್ಣನಿಗೆ ಬಾಯಿ ತೆರೆಯಲು ಬಿಡದಿದ್ದರೆ, ಪ್ರಸಂಗವನ್ನೇ ದಾರಿ ತಪ್ಪಿಸಿದರೆ ಆಕ್ಷೇಪ ಬರುವುದು ಅರ್ಥಧಾರಿಯ ಮೇಲೆ. ಕೌರವನ ಸ್ವಭಾವವೇ ಅಂಥದ್ದು ಎಂದರೆ ಯಾರೂ ಒಪ್ಪುವುದಿಲ್ಲ.

ಇದಕ್ಕೆ ಆಟದ ಚರಿತ್ರೆಯಲ್ಲೇ ಒಳ್ಳೆಯ ಉದಾಹರಣೆಯಿದೆ. 1984ರಲ್ಲಿ ಶುರುವಾದ ‘ಡ್ರ್ಯಾಗನ್‌ಲ್ಯಾನ್ಸ್’ ಕಥಾಲೋಕದಲ್ಲಿ ಕೆಂಡರ್ ಎಂಬ ಕುಳ್ಳಜನರಿದ್ದಾರೆ. ಭಯವೆಂಬುದನ್ನು ಅರಿಯದ, ಕುತೂಹಲ ತಡೆಯಲಾರದ, ಕಂಡವರ ವಸ್ತುಗಳು ಹೇಗೋ ತಮ್ಮ ಜೇಬು ಸೇರಿಬಿಡುವ ಮುಗ್ಧರು. ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಬರೆದ ಕಾದಂಬರಿಗಳಲ್ಲಿ ಟ್ಯಾಸಲ್‌ಹಾಫ್ ಎಂಬ ಕೆಂಡರ್ ಓದುಗರ ಅಚ್ಚುಮೆಚ್ಚು. ಆಟದ ಮೇಜಿಗೆ ಬಂದ ಕೆಂಡರ್‌ಗಳು ಮಾತ್ರ ಹಲವು ಆಟಗಾರರ ಪಾಲಿಗೆ ತಲೆನೋವಿನ ಇನ್ನೊಂದು ಹೆಸರು. ಸ್ವಭಾವ ಒಂದೇ ಆಗಿದ್ದೂ ಫಲ ಬೇರೆಯಾದದ್ದೇಕೆ? ಕಾದಂಬರಿಯಲ್ಲಿ ಕದಿಯುವವನನ್ನೂ ಕ್ಷಮಿಸುವವನನ್ನೂ ಬರೆಯುವುದು ಒಂದೇ ಲೇಖನಿ. ಎಲ್ಲಿ ನಗು ಬರಬೇಕು, ಎಲ್ಲಿ ನಿಲ್ಲಿಸಬೇಕೆಂದು ಅದಕ್ಕೆ ಗೊತ್ತು. ಮೇಜಿನಲ್ಲಿ ವಸ್ತು ಕಳೆದುಕೊಂಡವರು ಬೇರೊಬ್ಬ ಜೀವಂತ ವ್ಯಕ್ತಿ. ವಾರಗಟ್ಟಲೆ ಆಡಿ ಗಳಿಸಿದ ಮಾಂತ್ರಿಕ ಖಡ್ಗ ಗೆಳೆಯನ ಚೇಷ್ಟೆಗೆ ಹೋದಾಗ, ಕ್ಷಮಿಸುವ ಪಾತ್ರವನ್ನು ಅವರು ಒಪ್ಪಿಕೊಂಡೇ ಇರಲಿಲ್ಲ.

ಹಾಗಾದರೆ ನಿಯಮಗಳಿಂದಲೇ ಇದನ್ನು ತಡೆಯಬಾರದೇ? ಆಟದ ನಿರ್ಮಾತೃಗಳು ಬಹುಕಾಲ ಆ ಪ್ರಯತ್ನ ಮಾಡಿದ್ದಾರೆ. ಆರಂಭದಿಂದಲೂ ‘ಅಲೈನ್‌ಮೆಂಟ್’ ಎಂಬ ನೈತಿಕ ವಿಂಗಡಣೆಯೊಂದಿತ್ತು. ಮುಂದೆ ಅದು ಒಳಿತು–ಕೆಡುಕು, ಶಿಸ್ತು–ಸ್ವೇಚ್ಛೆಗಳ ಒಂಬತ್ತು ಮನೆಗಳಾಯಿತು. 1970ರ ದಶಕದ ಕೊನೆಯಲ್ಲಿ ಬಂದ ‘ಅಡ್ವಾನ್ಸ್ಡ್’ ಆವೃತ್ತಿಯಲ್ಲಿ ತನ್ನ ಮನೆ ಬಿಟ್ಟು ನಡೆದ ಪಾತ್ರ ಗಳಿಸಿದ ಮಟ್ಟವೊಂದನ್ನು ಕಳೆದುಕೊಳ್ಳುತ್ತಿತ್ತು. ಪ್ಯಾಲಡಿನ್ ಎಂಬ ಧರ್ಮಯೋಧ ಉದ್ದೇಶಪೂರ್ವಕವಾಗಿ ದುಷ್ಕೃತ್ಯ ಎಸಗಿದರೆ ಅವನ ದೈವದತ್ತ ಶಕ್ತಿಗಳೇ ಹೋಗುತ್ತಿದ್ದವು. ಇದರಿಂದ ಜಗಳ ಕಡಿಮೆಯಾಗಲಿಲ್ಲ, ಜಗಳಕ್ಕೆ ಹೊಸ ವಿಷಯ ಸಿಕ್ಕಿತು. ಶರಣಾದ ಶತ್ರುವನ್ನು ಕೊಂದದ್ದು ಅಧರ್ಮವೇ, ಸುಳ್ಳು ಹೇಳಿ ಮಗುವನ್ನು ಉಳಿಸಿದ್ದು ತಪ್ಪೇ ಎಂದು ನಿರೂಪಕರೂ ಆಟಗಾರರೂ ಗಂಟೆಗಟ್ಟಲೆ ವಾದಿಸಿದರು. ಪ್ಯಾಲಡಿನ್ ಆಡುವವನು ಜೊತೆಗಾರರಿಗೆಲ್ಲ ಪೊಲೀಸನಾದ, ಅದಕ್ಕೂ ಅವನ ಸಮರ್ಥನೆ ‘ನನ್ನ ಪಾತ್ರ ಇರೋದೇ ಹಾಗೆ’ ಎಂಬುದೇ. ಮುಂದಿನ ಆವೃತ್ತಿಗಳು ಈ ಕಟ್ಟುಗಳನ್ನು ಸಡಿಲಿಸುತ್ತ ಬಂದವು. 2014ರ ಐದನೇ ಆವೃತ್ತಿಯ ಹೊತ್ತಿಗೆ ಅಲೈನ್‌ಮೆಂಟ್ ಹೆಚ್ಚುಕಡಿಮೆ ಪಾತ್ರಪರಿಚಯದ ಒಂದು ಸಾಲಾಗಿ ಉಳಿದಿತ್ತು. ದಂಡನೆಯ ನಿಯಮ ಬರೆದವರ ವಾರಸುದಾರರೇ ಅದನ್ನು ಕೈಬಿಟ್ಟರು.

‘ಆದರೂ ಕಥೆಯಲ್ಲಿ ಕರ್ಮಕ್ಕೆ ಫಲ ಇರಬೇಡವೇ? ಕೊಲೆ ಮಾಡಿದರೆ ಕಾವಲುಗಾರರು ಬರುವುದು ಸಹಜವಲ್ಲವೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನಡೆಗೆ ತಕ್ಕ ಪರಿಣಾಮವಿಲ್ಲದ ಲೋಕ ಸಪ್ಪೆ. ಎಲ್ಲರೂ ಒಪ್ಪಿ ಸವಿಯುತ್ತಿರುವ ಕಥೆಯಲ್ಲಿ ಕೊಲೆಗಾರನ ಬೆನ್ನು ಹತ್ತುವ ಕಾವಲುಪಡೆ ರೋಚಕ ಅಧ್ಯಾಯವಾದೀತು. ಆದರೆ ಪರಿಣಾಮ ಬೇರೆ, ಶಿಕ್ಷೆಯ ವೇಷ ತೊಟ್ಟ ಪರಿಣಾಮ ಬೇರೆ. ಬೇಸತ್ತ ನಿರೂಪಕರು ಪಾಠ ಕಲಿಸಲೆಂದೇ ಕಾವಲುಗಾರರನ್ನು ಕಳಿಸಿದಾಗ ಏನಾಗುತ್ತದೆ ನೋಡಿ. ಆ ಸಂಜೆಯ ಕಥೆಯೆಲ್ಲ ಕಿರಿಕಿರಿ ಮಾಡಿದವನ ಸುತ್ತಲೇ ತಿರುಗುತ್ತದೆ. ಬೆನ್ನಟ್ಟುವಿಕೆ, ಸೆರೆ, ವಿಚಾರಣೆ ಎಲ್ಲವೂ ಅವನದೇ. ತೊಂದರೆ ಅನುಭವಿಸಿದ ಉಳಿದವರು ಸುಮ್ಮನೆ ನೋಡುತ್ತ ಕೂರಬೇಕು. ಅವನಿಗಾದರೂ ಸಂದೇಶ ತಲುಪುತ್ತದೆಯೇ? ಇಲ್ಲ. ಕಾವಲುಗಾರರೆಂದರೆ ಎದುರಿಸಬೇಕಾದ ಹೊಸ ಸವಾಲು ಎಂದೇ ಆಟ ಅವನಿಗೆ ಕಲಿಸಿದೆ. ಪಾತ್ರ ಸತ್ತರೆ, ಅಂಥದ್ದೇ ಇನ್ನೊಂದನ್ನು ಮುಂದಿನ ವಾರ ತರುತ್ತಾನೆ. ಲೋಕದ ಸೂತ್ರವೆಲ್ಲ ನಿರೂಪಕರ ಕೈಯಲ್ಲಿರುವುದರಿಂದ, ಕಥೆಯೊಳಗಿನ ಶಿಕ್ಷೆ ಅವನಿಗೆ ನ್ಯಾಯವಾಗಿ ಕಾಣದೆ ಹಗೆತನವಾಗಿ ಕಾಣುವ ಸಂಭವವೇ ಹೆಚ್ಚು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು: ಕೆಟ್ಟ ಪಾತ್ರಗಳನ್ನೇ ದೂರವಿಟ್ಟರೆ ಕಥೆ ಎಲ್ಲಿಂದ ಬರಬೇಕು? ಒಪ್ಪಿದೆ, ಮತ್ತು ನಾನು ಹೇಳುತ್ತಿರುವುದು ಅದಲ್ಲ. 1984ರ ‘ಪ್ಯಾರನಾಯಾ’ ಆಟದಲ್ಲಿ ಆಟಗಾರರು ಒಬ್ಬರನ್ನೊಬ್ಬರು ದ್ರೋಹಿಯೆಂದು ಹಿಡಿದುಕೊಡುವುದೇ ವಿನೋದ. 1991ರ ‘ವ್ಯಾಂಪೈರ್: ದ ಮ್ಯಾಸ್ಕರೇಡ್’ನಲ್ಲಿ ರಕ್ತ ಕುಡಿದು ಬದುಕುವವರೇ ನಾಯಕರು, ಅವರಲ್ಲಿ ಉಳಿದಿರುವ ಮನುಷ್ಯತ್ವಕ್ಕೆ ಒಂದು ಅಳತೆಯೇ ಇದೆ. 2009ರ ‘ಫಿಯಾಸ್ಕೊ’ದಲ್ಲಿ ಆಸೆಬುರುಕರ ಯೋಜನೆಗಳು ಮಣ್ಣುಪಾಲಾಗುವುದನ್ನು ನೋಡಲೆಂದೇ ಜನ ಕೂರುತ್ತಾರೆ. ಇಲ್ಲೆಲ್ಲ ಮೋಸವೂ ಇದೆ, ಕ್ರೌರ್ಯವೂ ಇದೆ, ಅದು ತಕರಾರಾಗುವುದು ಕಡಿಮೆ. ಏಕೆಂದರೆ ಕೂರುವ ಮುನ್ನವೇ ಎಲ್ಲರಿಗೂ ಅದು ಗೊತ್ತಿರುತ್ತದೆ. ಪಾತ್ರ ಕೆಟ್ಟದ್ದೋ ಒಳ್ಳೆಯದೋ ಎಂಬುದು ಮುಖ್ಯವಲ್ಲ. ಒಬ್ಬರು ಆರಿಸಿಕೊಂಡದ್ದರ ಭಾರವನ್ನು ಉಳಿದವರು ಒಪ್ಪಿ ಹೊತ್ತಿದ್ದಾರೆಯೇ ಎಂಬುದು ಮುಖ್ಯ. ಈ ಒಪ್ಪಿಗೆಯಿಲ್ಲದಿದ್ದರೆ ಪರಮಸಾಧುವಾದ ಪಾತ್ರವೂ ಕಾಟವಾಗಬಲ್ಲದು. ಪ್ಯಾಲಡಿನ್ ಅದನ್ನು ಆಗಲೇ ತೋರಿಸಿದ್ದಾನೆ.

ಒಪ್ಪಿಗೆ ಪಡೆಯುವ ದಾರಿಗಳನ್ನು ಆಟಗಾರರ ಸಮುದಾಯ ತಾನೇ ಕಂಡುಕೊಂಡಿದೆ. ಮೊದಲ ಆಟಕ್ಕೂ ಮುನ್ನ ಎಲ್ಲರೂ ಕೂತು ಎಂಥ ಕಥೆ, ಎಂಥ ಪಾತ್ರಗಳು, ಯಾವುದು ಬೇಡ ಎಂದು ಮಾತಾಡಿಕೊಳ್ಳುವುದಕ್ಕೆ ‘ಸೆಷನ್ ಝೀರೊ’ ಎನ್ನುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪ್ರಕಾಶಕರು 2020ರ ‘ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್’ ಪುಸ್ತಕದಲ್ಲಿ ಅದಕ್ಕೆ ಜಾಗ ಕೊಟ್ಟರು. ರಾನ್ ಎಡ್ವರ್ಡ್ಸ್ ರೂಪಿಸಿದ ‘ಲೈನ್ಸ್ ಅಂಡ್ ವೇಲ್ಸ್’ ಪದ್ಧತಿಯಲ್ಲಿ ಕಥೆಗೆ ಬರಲೇಬಾರದ ಸಂಗತಿಗಳು ಗೆರೆಯಾಚೆ, ನಡೆದರೂ ವರ್ಣಿಸಬಾರದವು ತೆರೆಮರೆಯಲ್ಲಿ. ಜಾನ್ ಸ್ಟಾವ್ರೊಪೌಲಸ್ ಅವರ ಎಕ್ಸ್ ಕಾರ್ಡ್ ಇನ್ನೂ ಸರಳ: ಮೇಜಿನ ನಡುವೆ ಎಕ್ಸ್ ಗುರುತಿನ ಚೀಟಿಯೊಂದಿರುತ್ತದೆ, ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ಆ ಸಂಗತಿಯನ್ನು ಕೈಬಿಡಬೇಕು. ಇದೆಲ್ಲ ಅತಿನಾಜೂಕು, ಆಟದ ಅನಿರೀಕ್ಷಿತತೆಯನ್ನೇ ಕೊಲ್ಲುತ್ತದೆ ಎಂಬ ಟೀಕೆಯಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮೊದಲೇ ತೀರ್ಮಾನವಾಗುವುದು ಕಥೆಯ ಎಲ್ಲೆ ಮಾತ್ರ, ಕಥೆಯಲ್ಲ. ಎಲ್ಲೆ ಎಲ್ಲಿದೆಯೆಂದು ಗೊತ್ತಿಲ್ಲದವರು ಅಳುಕುತ್ತ ಆಡುತ್ತಾರೆ, ಗೊತ್ತಿರುವವರು ಅದರ ಅಂಚಿನವರೆಗೂ ಧೈರ್ಯವಾಗಿ ಹೋಗುತ್ತಾರೆ. ಅಪರಿಚಿತರೇ ಸೇರುವ ಕಡೆ ಇಷ್ಟೆಲ್ಲ ಮಾತಿಗೆ ಸಮಯವೆಲ್ಲಿ ಎನ್ನುವವರಿಗೂ ಉತ್ತರವಿದೆ. ಬೇರೆಬೇರೆ ಊರುಗಳಲ್ಲಿ ಆಟ ಏರ್ಪಡಿಸುವ ‘ಪಾತ್‌ಫೈಂಡರ್ ಸೊಸೈಟಿ’ ದುಷ್ಟ ಪಾತ್ರಗಳನ್ನೂ ಆಟಗಾರರ ಪಾತ್ರಗಳು ತಮ್ಮತಮ್ಮೊಳಗೆ ಹೊಡೆದಾಡುವುದನ್ನೂ ನಿಯಮದಲ್ಲೇ ನಿಷೇಧಿಸಿತು. ಅಲ್ಲೂ ಮಾತು ನಡೆದಿದೆ, ಮುಂಚಿತವಾಗಿ ಒಂದೇ ಸಲ ನಡೆದಿದೆ ಅಷ್ಟೆ.

ಎಷ್ಟೇ ಮುನ್ನೆಚ್ಚರಿಕೆಯಿದ್ದರೂ ಆಟದ ನಡುವೆ ತೊಡಕು ಬಂದೇ ಬರುತ್ತದೆ. ಆಗ ಒಂದೆರಡು ನಿಮಿಷ ಕಥೆ ನಿಲ್ಲಿಸುವುದೇ ಸರಿ. ‘ನೀನು ಯಾವಾಗಲೂ ಹೀಗೆ’ ಎಂದು ವ್ಯಕ್ತಿಯನ್ನು ಅಳೆಯುವ ಬದಲು, ‘ಈಗ ಮಾಡಿದ ಈ ಒಂದು ಕೆಲಸದಿಂದ ಆಟ ಹೀಗೆ ಕೆಟ್ಟಿತು’ ಎಂದು ಹೇಳಬೇಕು. ಆ ನಡೆಯಿಂದ ಅವರು ಬಯಸಿದ್ದೇನು ಎಂದೂ ಕೇಳಬೇಕು. ಬಹಳಷ್ಟು ಸಲ ಅಲ್ಲಿ ದುರುದ್ದೇಶ ಇರುವುದಿಲ್ಲ. ದೀರ್ಘ ಸಂಧಾನದಲ್ಲಿ ತನ್ನ ಪಾತ್ರಕ್ಕೆ ಕೆಲಸವೇ ಇಲ್ಲದೆ ಬೇಸರವಾಗಿರಬಹುದು, ಇದು ತಮಾಷೆಯ ಕಥೆಯೆಂದೇ ತಿಳಿದಿರಬಹುದು. ಕಾರಣ ತಿಳಿದರೆ ಆ ದೃಶ್ಯವನ್ನು ಹಿಂದಕ್ಕೆ ಸರಿಸಿ ಮತ್ತೆ ಆಡಬಹುದು. ಕಥೆ ನಮ್ಮದೇ ಆಗಿರುವಾಗ ಒಂದು ಪುಟ ತಿದ್ದಲು ಯಾರ ಅಪ್ಪಣೆಯೂ ಬೇಕಿಲ್ಲ. ಈ ಮಾತನ್ನು ಆಡುವ ಹೊಣೆ ನಿರೂಪಕರೊಬ್ಬರದೇ ಅಲ್ಲ, ಸುಮ್ಮನೆ ಕೂತು ಮನಸ್ಸಿನಲ್ಲೇ ಕುದಿಯುವ ಸಹ ಆಟಗಾರರದೂ ಹೌದು. ಮತ್ತೆಮತ್ತೆ ಹೇಳಿದರೂ ಕೇಳದವರಿಗೆ, ನಮ್ಮ ಮೇಜು ನಿಮಗೆ ಹೊಂದುವುದಿಲ್ಲ ಎಂದು ನೇರವಾಗಿ ಹೇಳಿ ಬೀಳ್ಕೊಡುವುದರಲ್ಲೂ ತಪ್ಪಿಲ್ಲ. ಅವರ ಪಾತ್ರವನ್ನು ಡ್ರ್ಯಾಗನ್ ಬಾಯಿಗೆ ಹಾಕಿ, ಅರ್ಥಮಾಡಿಕೊಂಡು ತಾವಾಗಿಯೇ ಎದ್ದುಹೋಗಲಿ ಎಂದು ಕಾಯುವುದಕ್ಕಿಂತ ಅದು ಹೆಚ್ಚು ಮರ್ಯಾದೆಯ ದಾರಿ.

ನೇರ ಮಾತು ಕಷ್ಟ ಎಂಬುದು ನಿಜ. ಸ್ನೇಹಿತನ ಎದುರು ಕೂತು ‘ಇದು ನನಗೆ ಹಿಡಿಸಲಿಲ್ಲ’ ಎನ್ನುವುದಕ್ಕಿಂತ ನೂರು ಕಾವಲುಗಾರರನ್ನು ಕಳಿಸುವುದು ಸುಲಭ. ಕಥೆಯೊಳಗಿನ ಶಿಕ್ಷೆಗೆ ಇಷ್ಟೊಂದು ಬೇಡಿಕೆ ಇರುವುದು ಅದು ಫಲ ಕೊಡುತ್ತದೆ ಎಂದಲ್ಲ, ಮುಜುಗರ ತಪ್ಪಿಸುತ್ತದೆ ಎಂದು. ಪಾತ್ರವನ್ನು ಮುಂದೆ ಮಾಡಿ ಹೊಣೆಯಿಂದ ನುಣುಚಿಕೊಳ್ಳುವ ಆಟಗಾರ ಮತ್ತು ಕಾವಲುಗಾರರನ್ನು ಮುಂದೆ ಮಾಡಿ ಮಾತಿನಿಂದ ನುಣುಚಿಕೊಳ್ಳುವ ನಿರೂಪಕ, ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ. ಮೊದಲನೆಯವನು ಬದಲಾಗಬೇಕೆಂದು ಬಯಸುವವರು ಎರಡನೆಯ ಅಭ್ಯಾಸವನ್ನು ಮೊದಲು ಬಿಡಬೇಕು.