ಮಹಾಗಣಕಗಳ ಜಾಲವನ್ನು ಕಾಯುವವರಾರು?

ನಮ್ಮ ದೇಶದಲ್ಲಿ ಮಹಾಗಣಕಗಳನ್ನು, ಅಂದರೆ ಸೂಪರ್ ಕಂಪ್ಯೂಟರುಗಳನ್ನು, ಸ್ಥಾಪಿಸುವ ಕಾರ್ಯವು ಕೆಲವು ವರ್ಷಗಳಿಂದ ಉತ್ಸಾಹದಿಂದ ಸಾಗಿರುವುದನ್ನು ವಾಚಕರು ಬಲ್ಲರು. ೨೦೧೫ರಲ್ಲಿ ಕೇಂದ್ರ ಸರಕಾರವು ೪,೫೦೦ ಕೋಟಿ ರೂಪಾಯಿಗಳ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಯೋಜನೆಗೆ ಸಮ್ಮತಿಯಿತ್ತಿತು. ಅದರಂತೆ ೨೦೧೯ರಲ್ಲಿ ಕಾಶಿಯಲ್ಲಿ 'ಪರಮ್ ಶಿವಾಯ್', ೨೦೨೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಪರಮ್ ಪ್ರವೇಗ', ೨೦೨೪ರಲ್ಲಿ ಪುಣೆ, ದಿಲ್ಲಿ, ಕಲಕತ್ತೆಗಳಲ್ಲಿ 'ಪರಮ್ ರುದ್ರ' ಎಂಬ ಯಂತ್ರಗಳು ನೆಲೆಗೊಂಡವು. ಪ್ರವೇಗದ ಶಕ್ತಿ ೩.೩ ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ ೩,೩೦೦ ಲಕ್ಷ ಕೋಟಿ ಲೆಕ್ಕಗಳು. ಇಂಥ ಅಂಕಿಗಳನ್ನು ಕೇಳಿ ಹೆಮ್ಮೆಪಡದ ಭಾರತೀಯನಿರಲಾರನು, ನಾವೂ ಹೆಮ್ಮೆಪಟ್ಟಿದ್ದೇವೆ. ಆದರೆ ಉತ್ಸವದ ಚಪ್ಪರವನ್ನು ಬಿಚ್ಚಿದ ಮರುದಿನದಿಂದ ಆ ವೇಗವನ್ನು ಕಾಯತಕ್ಕ ಹೊಣೆ ಯಾರದು ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಎತ್ತುವುದೇ ಇಂದಿನ ನಮ್ಮ ಉದ್ದೇಶ.

ಮಹಾಗಣಕವೆಂಬುದು ಒಂದೇ ದೊಡ್ಡ ಯಂತ್ರವೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ನೂರಾರು ಗಣಕಗಳ ಒಂದು ಸಮುದಾಯ. ಮಳೆಯ ಮುನ್ಸೂಚನೆಯಂಥ ಕೆಲಸ ಬಂದಾಗ ಆಕಾಶವನ್ನು ತುಂಡು ತುಂಡಾಗಿ ಹಂಚಿಕೊಂಡು ಪ್ರತಿಯೊಂದು ಗಣಕವೂ ತನ್ನ ಪಾಲನ್ನು ಲೆಕ್ಕ ಹಾಕುತ್ತದೆ; ಮುಂದಿನ ಹೆಜ್ಜೆಯಿಡುವ ಮೊದಲು ನೆರೆಯ ಗಣಕದ ಫಲವನ್ನು ಕೇಳಿ ತಿಳಿಯಬೇಕು. ನೆರೆಯವನ ಉತ್ತರ ತಡವಾದರೆ ಉಳಿದವರೆಲ್ಲರೂ ಕೈಕಟ್ಟಿ ಕುಳಿತಿರಬೇಕು. ಈ ಉತ್ತರ ಪ್ರತ್ಯುತ್ತರಗಳನ್ನು ಒಂದೆರಡು ಮೈಕ್ರೊಸೆಕೆಂಡುಗಳಲ್ಲಿ, ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗದೊಳಗೆ, ಮುಟ್ಟಿಸುವ ಸಲುವಾಗಿಯೇ ಇನ್ಫಿನಿಬ್ಯಾಂಡ್ ಮೊದಲಾದ ಅತಿವೇಗದ ಜಾಲಗಳು ಹುಟ್ಟಿವೆ. ೨೦೦೦ದಲ್ಲಿ ಇನ್ಫಿನಿಬ್ಯಾಂಡಿನ ಮೊದಲ ನಿಯಮಾವಳಿ ಪ್ರಕಟವಾಯಿತು; ಅಂದು ಸೆಕೆಂಡಿಗೆ ೧೦ ಗಿಗಾಬಿಟ್ಟಿನಷ್ಟಿದ್ದ ಅದರ ಸಾಮಾನ್ಯ ತಂತಿಯ ವೇಗವು ಇಂದು ೪೦೦ನ್ನೂ ಮುಟ್ಟಿದೆ.

ಈ ತಂತಿಗೂ ಗಣಕದ ಕಾರ್ಯಾಚರಣಾ ವ್ಯವಸ್ಥೆಗೂ ನಡುವೆ ನಿಂತು ಕೆಲಸ ಮಾಡತಕ್ಕ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಲೀನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಕರ್ನೆಲ್, ಎಂದರೆ ತಿರುಳು, ೨೦೦೫ರಲ್ಲಿ ಇನ್ಫಿನಿಬ್ಯಾಂಡಿನ ಡ್ರೈವರುಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಇವುಗಳಲ್ಲಿ ಒಂದು ವಿಶೇಷವುಂಟು. ಸಾಮಾನ್ಯ ಜಾಲದಲ್ಲಿ ಪ್ರತಿಯೊಂದು ಮಾತೂ ಕರ್ನೆಲ್ಲಿನ ಕಚೇರಿಯನ್ನು ಹೊಕ್ಕು, ರುಜುವಾಗಿ ಹೊರಬರಬೇಕು. ಇಲ್ಲಿ ಹಾಗಲ್ಲ, ಡ್ರೈವರು ಮೊದಲಿಗೆ ಒಮ್ಮೆ ದಾರಿಯನ್ನು ಏರ್ಪಡಿಸಿಕೊಟ್ಟ ಮೇಲೆ ಸರಕು ಕಚೇರಿಯನ್ನು ತುಳಿಯದೆ ಒಂದು ಗಣಕದ ಸ್ಮೃತಿಯಿಂದ ಇನ್ನೊಂದರ ಸ್ಮೃತಿಗೆ ನೆಟ್ಟಗೆ ಹೋಗುತ್ತದೆ. ವೇಗದ ಗುಟ್ಟು ಇದೇ. ಕಾವಲಿನ ಕಷ್ಟವೂ ಇಲ್ಲಿಂದಲೇ ಹುಟ್ಟಿದೆ. ಕಚೇರಿಯ ದಫ್ತರದಲ್ಲಿ ದಾಖಲಾಗದ ಸರಕನ್ನು ದಫ್ತರ ನೋಡಿ ಎಣಿಸಲಾಗದು. ಸಾಮಾನ್ಯ ಜಾಲಕ್ಕೆಂದು ಇರುವ ಉಪಕರಣಗಳಿಂದ ನೋಡಿದರೆ ತಂತಿ ತುಂಬಿ ಹರಿಯುತ್ತಿದ್ದಾಗಲೂ ಸದ್ದಿಲ್ಲದಂತೆ ತೋರಬಹುದು. ಇದರ ಲೆಕ್ಕವು ಕಾರ್ಡಿನಲ್ಲಿಯೂ ಸ್ವಿಚ್ಚಿನಲ್ಲಿಯೂ ಬೇರೆಯೇ ಇರುತ್ತದೆ. ಅದನ್ನು ತಿಳಿದವರೇ ತೆಗೆದು ಓದಬೇಕು.

ಈ ಜಾಲದ ದೋಷಗಳು ಕೂಗಿ ಹೇಳುವಂಥವಲ್ಲ. ಒಂದು ತಂತಿಯಲ್ಲಿ ಸಾಮಾನ್ಯವಾಗಿ ನಾಲ್ಕು ದಾರಿಗಳು ಕೂಡಿರುತ್ತವೆ. ಕೇಬಲ್ಲಿನ ತುದಿ ಸರಿಯಾಗಿ ಕೂರದಿದ್ದರೆ ಒಂದೇ ದಾರಿಯಲ್ಲಿ ಸಂಪರ್ಕ ಏರ್ಪಡುವುದುಂಟು. ಆಗಲೂ ಪೋರ್ಟಿನ ಸ್ಥಿತಿಯನ್ನು ಕೇಳಿದರೆ 'ಆಕ್ಟಿವ್' ಎಂಬ ಉತ್ತರವೇ ಬರುತ್ತದೆ. ದೀಪ ಉರಿಯುತ್ತದೆ, ಕೆಲಸ ನಡೆಯುತ್ತದೆ, ವೇಗ ಮಾತ್ರ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಇನ್ನೊಂದು ಸಂಗತಿ: ಸರಕನ್ನು ನೇರವಾಗಿ ಸಾಗಿಸಬೇಕಾದರೆ ಸ್ಮೃತಿಯ ಒಂದು ಭಾಗವನ್ನು ಕದಲದಂತೆ ಬೀಗ ಹಾಕಿ ಇರಿಸಬೇಕು. ಲೀನಕ್ಸಿನಲ್ಲಿ ಬಳಕೆದಾರನೊಬ್ಬನು ಹೀಗೆ ಬೀಗ ಹಾಕಬಹುದಾದ ಪ್ರಮಾಣವು ಬಹುವರ್ಷಗಳವರೆಗೆ ೬೪ ಕಿಲೋಬೈಟ್ ಮಾತ್ರವಿತ್ತು. ಮಹಾಗಣಕದ ಕೆಲಸಕ್ಕೆ ಅದು ಏನೇನೂ ಸಾಲದು. ಮೇಲ್ವಿಚಾರಕನು ಈ ಮಿತಿಯನ್ನು ಸಡಿಲಿಸಲು ಮರೆತರೆ ಅತಿವೇಗದ ದಾರಿ ತೆರೆಯುವುದಿಲ್ಲ. ಆಗ ಕೆಲವು ತಂತ್ರಾಂಶಗಳು ಸುಮ್ಮನೆ ಸಾಮಾನ್ಯ ಈಥರ್ನೆಟ್ಟಿನ ದಾರಿ ಹಿಡಿದು ಕುಂಟುತ್ತ ನಡೆಯುತ್ತವೆ. ಉತ್ತರವು ಸರಿಯಾಗಿಯೇ ಬರುವುದರಿಂದ ಯಾರಿಗೂ ಸಂದೇಹ ಬಾರದು. ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿದರೆ ಸಂಶೋಧಕನು ತನ್ನ ಸಮಸ್ಯೆಯೇ ಕಠಿನವಾದುದೆಂದು ಭಾವಿಸಿ ಸುಮ್ಮನಾಗುತ್ತಾನೆ. ವಿದ್ಯುತ್ತಿನ ಬಿಲ್ಲು ಮಾತ್ರ ಮೂರು ದಿನದ್ದು ಬರುತ್ತದೆ.

ಲೆಕ್ಕದ ಅಂಕಣಗಳೂ ಅರಿಯದವನನ್ನು ಮೋಸಗೊಳಿಸುತ್ತವೆ. ಪ್ರತಿಯೊಂದು ಪೋರ್ಟೂ ಎಷ್ಟು ಸರಕು ಹೋಯಿತು, ಎಷ್ಟು ಸಂಕೇತಗಳು ಕೆಟ್ಟವು, ಎಷ್ಟು ಸಲ ಸಂಪರ್ಕ ಕಡಿಯಿತು ಎಂಬುದನ್ನು ಎಣಿಸಿಡುತ್ತದೆ. ಆದರೆ ಸರಕಿನ ಎಣಿಕೆ ಬೈಟುಗಳಲ್ಲಿಲ್ಲ, ನಾಲ್ಕು ಬೈಟುಗಳ ಕಟ್ಟುಗಳಲ್ಲಿದೆ. ಇದನ್ನು ಅರಿಯದವನು ನಾಲ್ಕರಲ್ಲಿ ಒಂದು ಪಾಲನ್ನೇ ಪೂರ್ತಿ ಲೆಕ್ಕವೆಂದು ಬಗೆಯುತ್ತಾನೆ. ಮೇಲಾಗಿ ಮೂಲದ ೩೨ ಬಿಟ್ಟಿನ ಅಂಕಣವು ತುಂಬಿದ ಮೇಲೆ ಸೊನ್ನೆಗೆ ಹಿಂದಿರುಗದೆ ತುದಿಯ ಅಂಕಿಯಲ್ಲಿಯೇ ನಿಂತುಬಿಡುತ್ತದೆ. ೪೦ ಗಿಗಾಬಿಟ್ಟಿನ ತಂತಿ ಪೂರ್ಣವೇಗದಲ್ಲಿ ಹರಿದರೆ ಅದು ತುಂಬಲು ನಾಲ್ಕೈದು ಸೆಕೆಂಡು ಸಾಕು. ೬೪ ಬಿಟ್ಟಿನ ವಿಸ್ತೃತ ಅಂಕಣಗಳು ಇದಕ್ಕೆ ಪರಿಹಾರವಾಗಿ ಬಂದಿವೆ. ಕೆಟ್ಟ ಸಂಕೇತಗಳ ಹಳೆಯ ಅಂಕಣವಂತೂ ೬೫,೫೩೫ಕ್ಕೆ ನಿಲ್ಲುತ್ತದೆ. ಅನಂತರ ಲಕ್ಷ ತಪ್ಪುಗಳಾದರೂ ಅಂಕಿ ಕದಲದು. ಕದಲದ ಅಂಕಿಯನ್ನು ಕಂಡು 'ಹೊಸ ದೋಷವಿಲ್ಲ' ಎಂದು ವರದಿ ಬರೆಯುವ ಕಾವಲುಗಾರನಿಗಿಂತ ಕಾವಲಿಲ್ಲದಿರುವುದೇ ಲೇಸೆಂದು ನಾವು ಹೇಳಿದರೆ ಅತಿಶಯೋಕ್ತಿಯಾಗದು.

ಒಬ್ಬರ ದೋಷವು ಊರಿಗೆಲ್ಲ ತಟ್ಟುವ ಬಗೆಯನ್ನೂ ಹೇಳಬೇಕು. ಒಂಟಿ ಹಳಿಯ ರೈಲು ಮಾರ್ಗದಲ್ಲಿ ಮುಂದಿನ ನಿಲ್ದಾಣದ ಒಪ್ಪಿಗೆ ಬರುವ ತನಕ ಗಾಡಿ ಹೊರಡುವಂತಿಲ್ಲ. ಈ ಜಾಲದ ಕ್ರಮವೂ ಅಂಥದೇ. ಎದುರಿನ ಪೋರ್ಟು 'ನನ್ನಲ್ಲಿ ಸ್ಥಳವುಂಟು' ಎಂದು ತಿಳಿಸಿದಲ್ಲದೆ ಈಚೆಯವನು ಕಳುಹಿಸಕೂಡದು. ಇದರಿಂದ ಸರಕು ಚೆಲ್ಲಿಹೋಗುವುದಿಲ್ಲ, ನಿಜ. ಆದರೆ ಒಂದು ಗಣಕವು ಬಂದುದನ್ನು ಬರಮಾಡಿಕೊಳ್ಳಲು ತಡಮಾಡಿದರೆ ಅದರ ಹಿಂದಿನ ಸ್ವಿಚ್ಚು ನಿಲ್ಲುತ್ತದೆ, ಆ ಸ್ವಿಚ್ಚಿನ ಹಿಂದಿನದು ನಿಲ್ಲುತ್ತದೆ. ಕೊನೆಗೆ ಅಪರಾಧವಿಲ್ಲದವರ ಗಾಡಿಗಳೂ ದೂರದ ನಿಲ್ದಾಣಗಳಲ್ಲಿ ಕಾದು ನಿಲ್ಲುತ್ತವೆ. ಹೀಗೆ ಕಾದ ಕಾಲವನ್ನು ಎಣಿಸುವ ಅಂಕಣವೂ ಒಂದುಂಟು. ಅದನ್ನು ದಿನದಿನವೂ ಬರೆದಿಟ್ಟು, ನಿನ್ನೆಯದರೊಡನೆ ಇಂದಿನದನ್ನು ಹೋಲಿಸಿದವನಿಗೆ ಮಾತ್ರ ಮೂಲದೋಷದ ಮನೆ ಗೊತ್ತಾಗುತ್ತದೆ.

ಇಷ್ಟಕ್ಕೂ ಯಂತ್ರವನ್ನು ಮಾರಿದ ಕಂಪೆನಿಯೇ ನೋಡಿಕೊಳ್ಳುವುದಲ್ಲ, ಇದಕ್ಕಾಗಿ ನಮಗೇಕೆ ಚಿಂತೆ ಎಂದು ಕೆಲವರು ಕೇಳಬಹುದು. ಕರಾರಿನ ಮುದತ್ತು ಇರುವವರೆಗೆ ಕಂಪೆನಿಯವರು ಬರುತ್ತಾರೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸುಟ್ಟ ಕಾರ್ಡನ್ನು ಬದಲಾಯಿಸುವುದು ಬೇರೆ, ಕುಂಟುವ ಜಾಲವನ್ನು ಗುರುತಿಸುವುದು ಬೇರೆ. ದೂರು ಕೊಡುವವನಿಗೆ ದೋಷ ಗೊತ್ತಿದ್ದರಲ್ಲವೇ ದೂರು ಹೋಗುವುದು? ಮತ್ತೆ ಆ ಕಂಪೆನಿಗಳಾದರೂ ಸ್ಥಿರವೇ? ಕ್ಯೂಲಾಜಿಕ್ ಎಂಬ ಕಂಪೆನಿಯ ಇನ್ಫಿನಿಬ್ಯಾಂಡ್ ವ್ಯವಹಾರವನ್ನು ೨೦೧೨ರಲ್ಲಿ ಇಂಟೆಲ್ ಕೊಂಡಿತು. ಇಂಟೆಲ್ಲಿನವರು ಓಮ್ನಿಪಾತ್ ಎಂಬ ತಮ್ಮದೇ ಜಾಲವನ್ನು ಹೊರತಂದು, ೨೦೧೯ರಲ್ಲಿ ಅದರಿಂದ ಕೈತೆಗೆದರು. ಮರುವರ್ಷ ಅದು ಕಾರ್ನೆಲಿಸ್ ಎಂಬ ಹೊಸ ಕಂಪೆನಿಯ ಪಾಲಾಯಿತು. ಇನ್ಫಿನಿಬ್ಯಾಂಡಿನಲ್ಲಿ ಅಗ್ರಸ್ಥಾನದಲ್ಲಿದ್ದ ಇಸ್ರೇಲಿನ ಮೆಲ್ಲನಾಕ್ಸನ್ನು ೨೦೨೦ರಲ್ಲಿ ಅಮೆರಿಕದ ಎನ್‌ವಿಡಿಯಾ ಸುಮಾರು ೭೦೦ ಕೋಟಿ ಡಾಲರಿಗೆ ಕೊಂಡುಕೊಂಡಿತು. ಎಂಟು ವರ್ಷಗಳಲ್ಲಿ ಇಷ್ಟು ಕೈಬದಲಾವಣೆಗಳು. ಒಡೆಯರು ಬದಲಾದರೂ ಬದಲಾಗದೆ ನಮ್ಮಲ್ಲಿ ಉಳಿಯತಕ್ಕದ್ದು ನಮ್ಮವರ ತಿಳಿವಳಿಕೆಯೊಂದೇ.

ಕರ್ನೆಲ್ಲಿನ ಬದಲಾವಣೆಯ ಸಂದರ್ಭದಲ್ಲಿ ಈ ತಿಳಿವಳಿಕೆಯ ಬೆಲೆ ಎದ್ದು ಕಾಣುತ್ತದೆ. ಸುರಕ್ಷತೆಯ ಸಲುವಾಗಿ ಕರ್ನೆಲ್ಲನ್ನು ಆಗಾಗ್ಗೆ ಹೊಸದಾಗಿಸಲೇಬೇಕು. ಡ್ರೈವರು ಕರ್ನೆಲ್ಲಿನೊಳಗಿನದೇ ಆಗಿದ್ದರೆ ಅದೂ ಜೊತೆಯಲ್ಲಿ ಬರುತ್ತದೆ. ಕಂಪೆನಿ ಬೇರೆಯಾಗಿ ಕೊಟ್ಟ ಕಟ್ಟನ್ನು ಬಳಸಿದ್ದಲ್ಲಿ ಹೊಸ ಕರ್ನೆಲ್ಲಿಗೆ ಅದನ್ನು ಮತ್ತೆ ಹೊಂದಿಸಬೇಕು. ಕಾರ್ಡಿನೊಳಗಿನ ಫರ್ಮ್‌ವೇರಿಗೂ ಅದಕ್ಕೂ ಮೇಳವಿರಬೇಕು. ಇದನ್ನು ಒಂದೆರಡು ಗಣಕಗಳಲ್ಲಿ ಮೊದಲು ಪರೀಕ್ಷಿಸದೆ ಎಲ್ಲದರ ಮೇಲೂ ಒಂದೇ ರಾತ್ರಿ ಹೇರಿದರೆ ಬೆಳಗಾಗುವಷ್ಟರಲ್ಲಿ ಜಾಲವೂ ಇಲ್ಲ, ಆ ಜಾಲದ ಮೂಲಕ ದೊರೆಯುವ ಕಡತಗಳ ಭಂಡಾರವೂ ಇಲ್ಲವೆಂಬ ದುಃಸ್ಥಿತಿ ಒದಗುವುದು. ಈ ಭಯದಿಂದ ಕರ್ನೆಲ್ಲನ್ನು ಮುಟ್ಟದೆಯೇ ವರ್ಷಗಟ್ಟಲೆ ಬಿಡುವುದು ಇನ್ನೊಂದು ಅಪಾಯ. ಅದು ಬಾಗಿಲಿಗೆ ಬೀಗವಿಲ್ಲದ ಖಜಾನೆಯನ್ನು ಇಟ್ಟುಕೊಂಡಂತೆ.

ಈ ವಿದ್ಯೆ ನಮ್ಮವರಿಗೆ ಎಟುಕದ್ದೇನೂ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ೧೯೮೬ರಲ್ಲಿಯೇ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕವನ್ನು ಕಟ್ಟಿದರು. ೧೯೮೮ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ೧೯೯೧ರಲ್ಲಿ 'ಪರಮ್ ೮೦೦೦'ವನ್ನು ಹೊರತಂದಿತು. ಮುಂದೆ 'ಪರಮ್‌ನೆಟ್' ಎಂಬ ಸ್ವಂತ ಜಾಲವನ್ನೂ ರಚಿಸಿತು. ಈಚೆಗೆ 'ತ್ರಿನೇತ್ರ' ಎಂಬ ಸ್ವದೇಶೀ ಜಾಲವನ್ನು ಸಿದ್ಧಗೊಳಿಸುತ್ತಿದೆ. ನಾವು ಇದನ್ನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಸ್ವದೇಶೀ ತಂತಿಯಾದ ಮಾತ್ರಕ್ಕೆ ಅದು ತನ್ನನ್ನು ತಾನೇ ಕಾಯ್ದುಕೊಳ್ಳುವುದೇ? ಪರದೇಶದ ಜಾಲದ ಲೋಪಗಳನ್ನು ಜಗತ್ತಿನ ಸಾವಿರ ಜನ ಕಂಡು ತಿದ್ದುತ್ತಾರೆ. ನಮ್ಮದರ ಲೋಪಗಳನ್ನು ನಾವೇ ಕಾಣಬೇಕು, ನಾವೇ ತಿದ್ದಬೇಕು. ಅದಕ್ಕೆ ಬೇಕಾದ ಜನರು ಇಂದು ಇರುವ ಜಾಲಗಳ ಮೇಲೆ ಕೈಯಾಡಿಸಿಯೇ ತಯಾರಾಗಬೇಕಲ್ಲದೆ ಬೇರೆ ಶಾಲೆಯಿಲ್ಲ.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟು. ಮಹಾಗಣಕವಿರುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಜಾಲ ಮತ್ತು ಡ್ರೈವರುಗಳ ಮೇಲ್ವಿಚಾರಣೆಗೆಂದೇ ಖಾಯಂ ಹುದ್ದೆಗಳಿರಲಿ. ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆಯ ತರುಣರ ಮೇಲೆ ಈ ಭಾರವನ್ನು ಹೊರಿಸುವುದು ಅವರಿಗೂ ಅನ್ಯಾಯ, ಯಂತ್ರಕ್ಕೂ ಅನ್ಯಾಯ. ಯಾವ ಗಣಕದಲ್ಲಿ ಯಾವ ಕರ್ನೆಲ್, ಯಾವ ಡ್ರೈವರ್, ಯಾವ ಫರ್ಮ್‌ವೇರ್ ಇದೆ, ಯಾವ ಮಿತಿಯನ್ನು ಯಾರು ಯಾವ ದಿನ ಬದಲಾಯಿಸಿದರು ಎಂಬುದಕ್ಕೆ ಒಂದು ದಾಖಲೆ ಪುಸ್ತಕವಿರಲಿ. ಯಂತ್ರವನ್ನು ಒಪ್ಪಿಸಿಕೊಂಡ ದಿನ ಜಾಲದ ವೇಗವನ್ನು ಅಳೆದಂತೆ, ಪ್ರತಿ ಬದಲಾವಣೆಯ ಬಳಿಕವೂ ಅಳೆದು ಮೊದಲಿನದರೊಡನೆ ಹೋಲಿಸಲಿ. ದೋಷದ ಅಂಕಣಗಳನ್ನು ನಿತ್ಯವೂ ಓದಿ, ಸೊನ್ನೆ ಮಾಡುವ ಮೊದಲು ಬರೆದಿಡಲಿ. ಬಳಸುವ ಸಂಶೋಧಕರ ಕಣ್ಣಿಗೂ ಅವು ಬೀಳಲಿ. ಇವೆಲ್ಲವುಗಳ ವೆಚ್ಚವು ಯಂತ್ರದ ಬೆಲೆಯ ಮುಂದೆ ಅತ್ಯಲ್ಪ. ಆನೆಯನ್ನು ಕೊಂಡು ಅಂಕುಶಕ್ಕೆ ಚೌಕಾಶಿ ಮಾಡುವುದು ಬುದ್ಧಿವಂತರ ಲಕ್ಷಣವಲ್ಲ.

ಈ ಯಂತ್ರಗಳಿಗೆ ತೆತ್ತ ಹಣ ಪ್ರಜೆಗಳದು. ಅವುಗಳಿಂದ ಬರತಕ್ಕ ಮಳೆಯ ಮುನ್ಸೂಚನೆಯನ್ನು ಕಾಯುವ ರೈತನೂ, ಔಷಧವನ್ನು ಕಾಯುವ ರೋಗಿಯೂ ಕರ್ನೆಲ್ಲನ್ನಾಗಲಿ ಡ್ರೈವರನ್ನಾಗಲಿ ಬಲ್ಲವರಲ್ಲ; ಬಲ್ಲವರು ಕಾಯುತ್ತಿದ್ದಾರೆಂದು ನಂಬಿದವರು. ಆ ನಂಬಿಕೆ ಹುಸಿಯಾಗದಂತೆ ನೋಡಿಕೊಳ್ಳುವುದು ಪ್ರಾರಂಭೋತ್ಸವದ ದೀಪವನ್ನು ಬೆಳಗಿದವರ ಕರ್ತವ್ಯವೆಂಬುದನ್ನು ವಿನಯಪೂರ್ವಕವಾಗಿ ನೆನಪಿಸುತ್ತೇವೆ.